ಸಾಲಿನ ಕೊನೆಯ ಕೈ

ಕಮಲಾಪುರದ ಬಂಡೆಮ್ಮ ನನಗೆ ಕಲ್ಲು ಕೊಡುವಾಗ ಹಾಕಿದ ಷರತ್ತು ಒಂದೇ: ಜೋಳ ಬಿತ್ತುವ ಮೊದಲು ಅದನ್ನು ತಿರುಗಿ ತರಬೇಕು. ಹೊಲದಲ್ಲಿ ಸಿಕ್ಕ ಆ ಕರಿಕಲ್ಲನ್ನು ಅವಳ ಅತ್ತೆ ಬೀಜದ ಜೋಳದ ಗಡಿಗೆಯಲ್ಲಿ ಇಟ್ಟಿದ್ದಳಂತೆ. ಅಂದಿನಿಂದ ಅದು ಬೀಜದ ಜೊತೆಗೇ ಇದೆ. ಯಾಕೆ ಎಂದು ಕೇಳಿದ್ದೆ. ಬಂಡೆಮ್ಮ ಗಡಿಗೆಯ ಬಾಯಿ ಮುಚ್ಚಿಟ್ಟಿದ್ದಳು.

ನಾನು ಕಲಬುರಗಿಯಲ್ಲಿ ಪುರಾತತ್ವ ಓದುತ್ತಿದ್ದೆ. ಈ ಸೀಮೆಯಲ್ಲಿ ಮೊದಮೊದಲು ಬಿತ್ತಿ ಬೆಳೆದವರ ಕಲ್ಲಿನ ಸಲಕರಣೆಗಳ ಮೇಲೆ ನನ್ನ ಪ್ರಬಂಧ. ಸೋಮವಾರ ಸಲ್ಲಿಸಬೇಕಿತ್ತು, ಮಾರ್ಗದರ್ಶಕರಾದ ಗುರುಪ್ರಸಾದ ಸರ್ ಸಹಿಯನ್ನೂ ಹಾಕಿದ್ದರು. ಅದರಲ್ಲಿ ಈ ಕಲ್ಲಿಗೆ ಒಂದಿಡೀ ಅಧ್ಯಾಯ. ಅಂಗೈ ಉದ್ದ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು, ಕೊಡಲಿ ಎಂದು ಬರೆದಿದ್ದೆ. ಅಲಗಿನ ಒಂದು ಮೂಲೆ ಸವೆದಿತ್ತು. ಹಳ್ಳದಲ್ಲಿ ಉರುಳಿ ಸವೆದದ್ದು ಎಂದೆ. ಒಂದು ಮೈಯಲ್ಲಿ ಸಣ್ಣ ತಗ್ಗಿತ್ತು. ತಿಕ್ಕಿ ನಯ ಮಾಡಿದವನ ಕೈತಪ್ಪು ಎಂದೆ. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಎಂಟು ತಿಂಗಳು ಅದನ್ನು ಹಿಡಿದು ಕೂತಿದ್ದೆ. ಒಂದು ದಿನವೂ ಅದು ನನ್ನ ಕೈಗೆ ಒಗ್ಗಲಿಲ್ಲ. ಆ ಮಾತನ್ನು ಮಾತ್ರ ಬರೆದಿರಲಿಲ್ಲ.

ಕಲ್ಲನ್ನು ತಿರುಗಿ ಕೊಡಲು ಶನಿವಾರ ಬೆಳಿಗ್ಗೆ ಬಸ್ ಹತ್ತಿ ಕಮಲಾಪುರಕ್ಕೆ ಹೋದೆ. ಬಾಳೆತೋಟದ ಆಚೆ, ತೊಗರಿ ಹೊಲದಲ್ಲಿ ಏಳು ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಗಿಡ್ಡ ಹಿಡಿಯ ಕುರ್ಪಿ ಹಿಡಿದು ಬೆಳೆಯ ನಡುವಿನ ಕಳೆ ಕಸ ತೆಗೆಯುತ್ತಿದ್ದರು. ಬಂಡೆಮ್ಮ ಸಾಲಿನ ಕೊನೆಗೆ, ಉಳಿದವರಿಂದ ಒಂದು ಮಾರು ದೂರ ಇದ್ದಳು. ನಾನು ಅವಳತ್ತ ಹೋಗುವಾಗ ಸೂಗಮ್ಮ ಎಂಬಾಕೆ ತಲೆ ಎತ್ತಿದಳು.

"ಅಕೀ ಬಾಜೂಕ ಕುಂಡ್ರಬ್ಯಾಡ್ರೀ ಮೇಡಂ. ಎಡಚಿ ಅದಾಳ, ಮೊಣಕೈಲೆ ಹಲ್ಲು ಮುರೀತಾಳ."

"ಮೂವತ್ತು ವರ್ಷ ಆತು, ನಿನ್ನ ಹಲ್ಲು ಇನ್ನಾ ಗಟ್ಟೇ ಅವಲ್ಲ," ಅಂದಳು ಬಂಡೆಮ್ಮ.

ಅವಳ ಬಲಗೈ ತುಂಬ ಕಿತ್ತ ಕಸ. ಕುರ್ಪಿ ಕೆಳಗಿಟ್ಟು ಎಡಗೈ ಚಾಚಿದಳು. ಎಡಗೈಯಲ್ಲಿ ತಗೊಂಡೆ ಅಂತ ತಪ್ಪು ತಿಳ್ಕೋಬ್ಯಾಡ ಎಂದೂ ಹೇಳಿದಳು. ಕಲ್ಲು ಅವಳ ಕೈ ಸೇರಿತು. ಹೆಬ್ಬೆರಳು ಆ ತಗ್ಗಿನಲ್ಲಿ ತಾನಾಗಿಯೇ ಕೂತಿತು. ಸವೆದ ಮೂಲೆ ನೆಲದ ಕಡೆ ತಿರುಗಿತು. ಕಾಲ ಬಳಿ ಉಳಿದಿದ್ದ ಒಂದು ಹುಲ್ಲನ್ನು ಅವಳು ಅದರಿಂದಲೇ ಎಳೆದಳು. ಬೇರು ಸಹಿತ ಬಂತು.

ಅವಳ ಕುರ್ಪಿಯನ್ನು ಎತ್ತಿ ನೋಡಿದೆ. ಅದರ ಅಲಗಿನಲ್ಲೂ ಅದೇ ಕಡೆಯ ಮೂಲೆ ಸವೆದಿತ್ತು. ಬಲಗೈಯಲ್ಲಿ ಕೆಲಸ ಮಾಡುತ್ತಿದ್ದ ಸೂಗಮ್ಮನ ಕುರ್ಪಿ ಇಸಿದುಕೊಂಡೆ. ಅಲ್ಲಿ ಸವೆದದ್ದು ಇನ್ನೊಂದು ಮೂಲೆ.

"ಆಯಿ, ಇದು ಕೊಡಲಿ ಅಲ್ಲೇನ್ರೀ?"

"ಕೊಡಲಿ ಅಂತ ಯಾರಂದ್ರು?"

"ನಾನೇ ಬರದೀನಿ. ಮೊದಲೇ ಹೇಳಬಾರದಿತ್ತೇನು?"

"ಗಡಗ್ಯಾಗ ಯಾಕ ಇಟ್ಟಾರ ಅಂತ ಕೇಳ್ದಿ, ಅದು ನಂಗೂ ಗೊತ್ತಿಲ್ಲ. ಹ್ಯಾಂಗ ಹಿಡೀತಾರ ಅಂತ ನೀ ಕೇಳಲೇ ಇಲ್ಲಲ್ಲ ತಂಗಿ."

ಇದನ್ನು ಹಿಡಿದವಳೂ ಎಡಗೈಯವಳೇ ಇರಬಹುದು ಎಂದೆ. ಬಂಡೆಮ್ಮ ಕಲ್ಲನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.

"ಹಂಗಾರ ಅಕೀನೂ ಸಾಲಿನ ಕಡೀಗೇ ಕುಂತಿರಬೇಕು," ಅಂದಳು.

ಬದುವಿನ ಮೇಲೆ ನಿಂತು ಸರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಒಂದು ಕಲ್ಲು, ಒಬ್ಬ ಹೆಂಗಸಿನ ಕೈ, ಇಷ್ಟು ಪುರಾವೆ ಸಾಲದು ಎಂದರು. ಈಗಿರುವ ಹಾಗೆ ಕೊಟ್ಟರೆ ಸೋಮವಾರಕ್ಕೆ ಮುಗಿಯುತ್ತದೆ. ಇಲ್ಲದಿದ್ದರೆ ಇನ್ನಷ್ಟು ಕಲ್ಲು, ಇನ್ನಷ್ಟು ಕುರ್ಪಿ ನೋಡಬೇಕು, ಆರು ತಿಂಗಳು ಹೋಗುತ್ತದೆ.

"ಯಶೋಧರಾ, ಏನ್ ಮಾಡ್ತೀ ಹೇಳು."

ಹೊಲದಲ್ಲಿ ಕುರ್ಪಿಗಳು ಮಣ್ಣು ಕೆರೆಯುತ್ತಿದ್ದವು. ಎಂಟು ತಿಂಗಳು ನನ್ನ ಕೈ ಒಂದು ಮಾತು ಹೇಳುತ್ತಲೇ ಇತ್ತು, ನಾನು ಕಿವಿಗೊಟ್ಟಿರಲಿಲ್ಲ.

"ಸೋಮವಾರ ಬ್ಯಾಡ್ರಿ ಸರ್," ಎಂದೆ.

ಬಂಡೆಮ್ಮ ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಸಂಜೆ ಅದು ಗಡಿಗೆ ಸೇರುತ್ತದೆ. ಏಳೂ ಕುರ್ಪಿಗಳ ಅಲಗು ಎಲ್ಲಿ ಸವೆದಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಒಂದು ಹಳೇ ಕುರ್ಪಿ ಕೇಳಿ ಪಡೆದು ಬಂಡೆಮ್ಮನ ಎಡಕ್ಕೆ, ಸಾಲಿನ ತುದಿಗೆ ಕೂತೆ. ಸೂಗಮ್ಮ ಏನೋ ಅಂದಳು, ಎಲ್ಲರೂ ನಕ್ಕರು. ಮೊದಲ ಸಾಲು ಮುಗಿಯುವುದರೊಳಗೆ ಬಂಡೆಮ್ಮನ ಎಡ ಮೊಣಕೈ ನನ್ನ ಬಲ ಮೊಣಕೈಗೆ ಎರಡು ಸಲ ತಾಗಿತು. ನಾನು ಅವಳ ಕೈಗೆ ಜಾಗ ಬಿಟ್ಟು ಒಂದು ಗೇಣು ಸರಿದು ಕೂತೆ.