ಬಟನ್ ಸದ್ದು ನಿಂತಾಗ

ಮೂರನೆಯ ಹಂತದ ಕೊನೆಯಲ್ಲಿ ಕುರಾಮೊಚಿಯ ಬಟನ್ ಸದ್ದು ನಿಂತುಹೋಯಿತು. ಪರದೆಯ ಮೇಲೆ ಅವನ ವಿಮಾನ ಮಾತ್ರ ಗುಂಡು ಸುರಿಸುತ್ತಲೇ ಇತ್ತು. ಬಹುಮಾನದ ಗೊಂಬೆಗಳ ಧೂಳು ಒರೆಸುತ್ತಿದ್ದ ಫುಮಿಯೆಯ ಕೈ ಅಲ್ಲೇ ನಿಂತಿತು.

ಒಸಾಕಾದ ಕ್ಯೋಬಾಶಿಯಲ್ಲಿ, ರೈಲು ಸೇತುವೆಯ ಕೆಳಗಿನ ಆ ವಿಡಿಯೋ ಗೇಮ್ ಅಂಗಡಿಯಲ್ಲಿ ಅವಳ ಕೆಲಸಕ್ಕೆ ಇದು ನಾಲ್ಕನೇ ವರ್ಷ. ಯಾವ ಮಷೀನಿನ ಮುಂದೆ ಯಾರು ಕೂತಿದ್ದಾರೆಂದು ಬೆರಳಿನ ಸದ್ದಿನಿಂದಲೇ ಹೇಳಬಲ್ಲಳು. ಈ ಆಟದಲ್ಲಿ ಒಂದು ಸಲ ಒತ್ತಿದರೆ ಒಂದೇ ಗುಂಡು. ಸದ್ದಿಲ್ಲದೆ ಗುಂಡು ಹಾರಬೇಕಾದರೆ, ತಾನಾಗಿ ಒತ್ತುವ ಸಾಧನವೊಂದು ಮಷೀನಿನೊಳಗೆ ಕೂತಿರಲೇಬೇಕು.

ಅರ್ಧ ಗಂಟೆಯ ನಂತರ ಕುರಾಮೊಚಿ ಕೌಂಟರಿಗೆ ಬಂದು ಅಂಕದ ದಾಖಲೆಯ ಅರ್ಜಿ ಇಟ್ಟ. ಕೊರಿಯರ್ ಕಂಪನಿಯ ನೀಲಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಫುಮಿಯೆ-ಸಾನ್, ಮೊಹರು ಒತ್ತಿ. ಇಡೀ ದೇಶಕ್ಕೇ ಮೊದಲು! ಹನ್ನೊಂದು ವರ್ಷ ಹಿಡೀತು."

ಟೋಕಿಯೊದ ದಾಖಲೆ ಸಂಘ ಆಟಗಾರನ ಮಾತನ್ನು ನಂಬುವುದಿಲ್ಲ, ಅಂಗಡಿಯ ಮೊಹರನ್ನು ನಂಬುತ್ತದೆ. ಸಾಧನವಿರುವ ಮಷೀನಿನಲ್ಲಿ ಗಳಿಸಿದ ಅಂಕಕ್ಕೆ 'ಬರಿಗೈ' ಪಟ್ಟಿಯಲ್ಲಿ ಜಾಗವಿಲ್ಲ.

"ಮೊದಲು ಮಷೀನ್ ತೆಗೆದು ನೋಡ್ತೀನಿ."

"ಯಾಕೆ?"

"ಮೂರನೇ ಹಂತದಲ್ಲಿ ನಿಮ್ಮ ಬಟನ್ ಸದ್ದು ಕೇಳಿಸ್ಲಿಲ್ಲ."

"ಓಹೋ! ಆಟಾನ ಕಿವೀಲಿ ನೋಡ್ತೀರಾ ನೀವು? ತೆಗೀರಿ, ತೆಗೀರಿ."

ಅವಳು ಬೀಗ ತೆಗೆದು ಟಾರ್ಚ್ ಬಿಟ್ಟಳು. ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಸರ್ಕ್ಯೂಟ್ ಹಲಗೆಯೊಂದು ಒಳಗೆ ಅಂಟಿಕೊಂಡಿತ್ತು. ಅದರಿಂದ ಹೊರಟ ಹೊಸ ವೈರು ಮೂರನೆಯ ಬಟನ್ನಿಗೆ ಸೇರಿತ್ತು. ಆಟಕ್ಕೆ ಬೇಕಾದ್ದು ಎರಡೇ ಬಟನ್. ಮೂರನೆಯದನ್ನು ಯಾರೂ ಮುಟ್ಟುವುದಿಲ್ಲ. ಈಗ ಅದನ್ನು ಒತ್ತಿ ಹಿಡಿದರೆ ಸಾಕು, ಗುಂಡು ತಾನಾಗಿ ಸುರಿಯುತ್ತದೆ. ಕುರಾಮೊಚಿಯ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದವನ ಮುಖ, ಎಂದುಕೊಂಡಳು ಫುಮಿಯೆ.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ನೂಡಲ್ಸ್ ಬಟ್ಟಲು ಹಿಡಿದುಕೊಂಡೇ ಮಾಲೀಕ ಓಗಾಕಿ ಬಂದ.

"ಅಯ್ಯೋ, ಅದು ನಾನು ಹಾಕಿದ್ದಮ್ಮ! ಹಮಾನೊ ಅಜ್ಜಿಗೆ. ಪಾಪ, ಬೆರಳು ಮಡಚೋಕೇ ಆಗಲ್ಲ, ಆಡೋ ಆಸೆ ಮಾತ್ರ ಬಿಟ್ಟಿಲ್ಲ. ಮಂಗಳವಾರ ಹಾಕ್ದೆ."

"ಸಾಧನ ಇದೆ ಅಂತ ಚೀಟಿ ಎಲ್ಲಿ?"

"ಅಂಟಿಸೋದು ಮರ್ತೆ."

ಇಂಥ ಮಷೀನಿಗೆ ಚೀಟಿ ಅಂಟಿಸದ ಅಂಗಡಿಯವನನ್ನು ಫುಮಿಯೆ ಇದುವರೆಗೆ ಕಂಡಿರಲಿಲ್ಲ. ದಾಖಲೆ ಬಂದರೆ ಪಟ್ಟಿಯಲ್ಲಿ ಅಂಗಡಿಯ ಹೆಸರೂ ಬರುತ್ತದೆ. ಇಬ್ಬರೂ ಸೇರಿಕೊಂಡಿದ್ದಾರೆಯೇ? ಅವಳು ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು.

"ಹಾಗೆ ನೋಡ್ಬೇಡಿ," ಎಂದ ಕುರಾಮೊಚಿ. "ಆ ವೈರ್ ಕಿತ್ತು ಬಿಸಾಕಿ. ಈಗ್ಲೇ ಆಡಿ ತೋರಿಸ್ತೀನಿ."

ವೈರು ಕಿತ್ತ ಮೇಲೆ ಅವನು ಕೂತ. ಅವಳು ಅವನ ಭುಜದ ಮೇಲಿಂದ ಬಗ್ಗಿ ಕೈಯನ್ನೇ ನೋಡುತ್ತ ನಿಂತಳು. ಮೂರನೆಯ ಹಂತದ ಕೊನೆ ಬಂತು. ಅವನು ಬಡಿಯುವುದನ್ನು ಬಿಟ್ಟು, ತೋರುಬೆರಳಿನ ಉಗುರನ್ನು ಬಟನ್ನಿನ ಮೇಲೆ ಅಡ್ಡವಿಟ್ಟು ಆಚೀಚೆ ಉಜ್ಜತೊಡಗಿದ. ಮೊಣಕೈವರೆಗೂ ನಡುಕ. ಸದ್ದಿಲ್ಲ. ಗುಂಡುಗಳು ಸುರಿದವು. ಮೂರನೆಯ ಬಟನ್ನಿನ ಹತ್ತಿರಕ್ಕೂ ಅವನ ಕೈ ಹೋಗಲಿಲ್ಲ.

ಐದನೆಯ ಹಂತದಲ್ಲಿ ಸೋತು ಎದ್ದ. ಉಗುರಿನ ಬುಡದಲ್ಲಿ ರಕ್ತ ಜಿನುಗಿತ್ತು.

"ಕಂಡ್ರಾ?"

"ಕಂಡೆ."

"ಹಾಗಾದ್ರೆ ಒತ್ತಿ."

"ಒತ್ತಿಬಿಡಮ್ಮ," ಎಂದ ಓಗಾಕಿ. "ನಮ್ಮ ಮೂವರನ್ನ ಬಿಟ್ಟು ಇನ್ಯಾರಿಗ್ ಗೊತ್ತು?"

ಆ ಮಾತು ಬರದಿದ್ದರೆ ಒತ್ತುತ್ತಿದ್ದಳೋ ಏನೋ. ಫುಮಿಯೆ ಮೊಹರನ್ನು ಡ್ರಾಯರಿಗೆ ಹಾಕಿ ಪೆನ್ನು ತೆಗೆದುಕೊಂಡಳು.

"ಈಗ ಆಡಿದ್ದು ನೋಡ್ದೆ. ಆಗ ಆಡಿದ್ದು ನೋಡಿಲ್ಲ. ಆಗ ಸಾಧನ ಒಳಗಿತ್ತು."

ಅರ್ಜಿಯ ಮೇಲೆ ಅಷ್ಟನ್ನೇ ಬರೆದು ಅವನತ್ತ ತಳ್ಳಿದಳು. ಕುರಾಮೊಚಿ ಅದನ್ನು ಎರಡು ಸಲ ಓದಿದ.

"ನೀವು ಮಷೀನ್ ಬಾಗಿಲು ತೆಗೀದೇ ಇದ್ದಿದ್ರೆ?"

"ಮೊಹರು ಒತ್ತಿರ್ತಿದ್ದೆ."

"ಮುಂದಿನ ಸಲ ನಿಮ್ಮ ಕಿವಿಗೆ ಹತ್ತಿ ತರ್ತೀನಿ." ಕಾಗದವನ್ನು ಹರಿದು, ಚೂರುಗಳನ್ನು ಓಗಾಕಿಯ ನೂಡಲ್ಸ್ ಬಟ್ಟಲಿಗೆ ಹಾಕಿ ಹೊರಟುಹೋದ.

ಇನ್ನು ಬರುವುದಿಲ್ಲ ಎಂದುಕೊಂಡಿದ್ದಳು. ಮುಂದಿನ ಶನಿವಾರ ಬಂದ. ನಾಣ್ಯ ಹಾಕಲಿಲ್ಲ, ಮಷೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ತೆಗೀರಿ. ನಾನೂ ನೋಡ್ಬೇಕು."

"ಯಜಮಾನ್ರ ಮೇಲೆ ನಂಬಿಕೆ ಇಲ್ವಾ?"

"ಇಲ್ಲ. ನಿಮ್ಮ ಮೇಲೂ ಇಲ್ಲ."

ಫುಮಿಯೆ ಬೀಗ ತೆಗೆದು ಟಾರ್ಚ್ ಕೊಟ್ಟಳು. ಅವನು ಒಂದೊಂದು ವೈರನ್ನೂ ಬೆರಳಲ್ಲಿ ಹಿಡಿದು ಕೊನೆತನಕ ನೋಡಿ, ಬಾಗಿಲು ಮುಚ್ಚಿ, ಆಟಕ್ಕೆ ಕೂತ. ಅವಳು ಕೌಂಟರಿಗೆ ಮರಳಲಿಲ್ಲ. ಅವನ ಬೆರಳುಗಳು ಕಾಣುವ ಹಾಗೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.