ಯಜಮಾನನ ಬೆರಳು

“ಲೇ ಎತ್ತಪ್ಪ, ನಿನ್ನ ಬುರುಡೆಯಾಗೆ ಇರೋದು ಮೆದುಳಲ್ಲ ಕಣೋ, ಹುಣಸೆಬೀಜದ ಗಂಜಿ. ಅದೂ ಹಳಸಿದ್ದು!”

ಹಿರೇಗುಂಟನೂರಿನ ನಮ್ಮ ಕಂಬಳಿ ಶೆಡ್ಡಿನ ಮುಂದೆ, ಹನ್ನೆರಡು ಮಗ್ಗದವರೂ ನೂಲುವ ಹೆಂಗಸರೂ ನೋಡುತ್ತಿರುವಾಗ ಯಜಮಾನ ಚಿತ್ರಲಿಂಗಪ್ಪ ಹೀಗಂದ. ಕೆಲವರು ಕಿಸಕ್ಕನೆ ನಕ್ಕರು. ನೂಲುವವರ ಸಾಲಿನಲ್ಲಿ ನಮ್ಮವ್ವ ಸಿದ್ದಕ್ಕನೂ ಇದ್ದಳು. ಅವಳ ಕೈಯಲ್ಲಿ ಕದಿರು ನಿಂತಿತ್ತು.

ನಾನು ಆ ಶೆಡ್ಡಿನ ಮೇಸ್ತ್ರಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಉಣ್ಣೆ ಹಿಂಜಲು ಕೂತವನು. ಎಪ್ಪತ್ತೈದನೇ ಇಸವಿಯಲ್ಲಿ ಎರಡು ಮಗ್ಗ ಹೋಗಿ ಹನ್ನೆರಡಾದಾಗ ಯಜಮಾನ ‘ಇನ್ಮೇಲೆ ಎಲ್ಲಾ ನೀನೇ ನೋಡ್ಕಳೋ’ ಎಂದು ಮೇಸ್ತ್ರಿ ಮಾಡಿದ. ಹಿರಿಯೂರಲ್ಲಿ ಹೊಸ ಶೆಡ್ಡು ಹಾಕಿದರೆ ಅದೂ ನನ್ನ ಕೈಗೇ ಎಂದಿದ್ದ. ಆದರೆ ಮಗ್ಗಕ್ಕೆ ಏರಿಸುವ ಮೊದಲು ಬಯಲಲ್ಲಿ ಎಳೆದು ಕಟ್ಟಿದ ಹಾಸಿನ ಉದ್ದೆಳೆಗಳಿಗೆ ಗಂಜಿ ಹಚ್ಚಿ ಬಿಸಿಲಲ್ಲಿ ಒಣಗಿಸುವ ಮುಂಚೆ ಯಜಮಾನ ಕೊಪ್ಪರಿಗೆಯಲ್ಲಿ ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿ, ಹೂಂ ಅನ್ನಬೇಕು. ಅವರಪ್ಪನ ಕಾಲದ ಕ್ರಮ. ಎರಡು ಮಗ್ಗವಿದ್ದಾಗ ಆ ಬೆರಳು ಸದಾ ಪಕ್ಕದಲ್ಲೇ ಇರುತ್ತಿತ್ತು. ಈಗ ಅದು ಇವತ್ತು ಹೊಳಲ್ಕೆರೆಯಲ್ಲಿ, ನಾಳೆ ಹೊಸದುರ್ಗದಲ್ಲಿ.

ಹೋದ ತಿಂಗಳು ಒಳ್ಳೇ ಬಿಸಿಲಿತ್ತೆಂದು ನಾನೇ ಬೆರಳಿಟ್ಟು ನೋಡಿ ಮೂರು ಹಾಸುಗಳಿಗೆ ಗಂಜಿ ಹಚ್ಚಿಸಿದ್ದೆ. ನೂಲು ತಂತಿಯ ಹಾಗೆ ನಿಂತಿತ್ತು. ಸಂಜೆ ಬಂದವನು, “ಯಾರ್ನ ಕೇಳಿ ಹಚ್ಚಿದೆ? ನೀನು ಯಜಮಾನನೇನೋ?” ಎಂದು ಕೂಗಾಡಿ, ಮೂರನ್ನೂ ನನ್ನ ಕೈಯಲ್ಲೇ ಕೆರೆಯಲ್ಲಿ ತೊಳೆಸಿದ.

ಇವತ್ತು ಹನ್ನೆರಡು ಹಾಸು ಕಟ್ಟಿದ್ದೆವು. ಹತ್ತು ಗಂಟೆ ಬಸ್ಸಿಗೆ ಬರುತ್ತೇನೆಂದವನು ಬರಲಿಲ್ಲ. ಬಿಸಿಲು ನೆತ್ತಿಗೇರಿತು. ಮುದುಕ ನೇಕಾರ ನಾಗಣ್ಣ ಕುಂಚ ಹಿಡಿದು ಕೂತು, “ಏನಪ್ಪ ಮೇಸ್ತ್ರಿ, ಗಂಜಿ ಹಚ್ಚಾಣೋ, ಇಲ್ಲಾ ಉಪ್ಪು ಹಾಕ್ಕಂಡು ಕುಡಿಯಾಣೋ?” ಎಂದ. ನಾನು ಬೆರಳು ಕೊಪ್ಪರಿಗೆಯವರೆಗೆ ಒಯ್ದೆ. ಗಂಜಿ ಹದವಾಗಿತ್ತು, ನೋಡಿದರೇ ಗೊತ್ತಾಗುತ್ತಿತ್ತು. ಬೆರಳು ಹಿಂದಕ್ಕೆ ತೆಗೆದೆ. ಮೂರು ಗಂಟೆಗೆ ಮೋಡ ಕವಿದು ಮಳೆ ಹೊಡೆಯಿತು. ಸುತ್ತಿ ಎತ್ತುವಷ್ಟರಲ್ಲಿ ಏಳು ಹಾಸು ಕೆಸರಲ್ಲಿ ಬಿದ್ದಿದ್ದವು. ನಾಲ್ಕಕ್ಕೆ ಬಸ್ಸಿಳಿದವನೇ ಅವನು ಆ ಹುಣಸೆಬೀಜದ ಮಾತು ಅಂದದ್ದು.

“ಬಿಸಿಲು ಕಣ್ಣಿಗೆ ಕಾಣಲಿಲ್ವೇನೋ? ಎಲ್ಲಾದಕ್ಕೂ ನಾನೇ ಬರಬೇಕಾ?”

“ಹೋದ್ಸಲ ಹಚ್ಚಿದ್ದಕ್ಕೆ ನೀನೇ ಅಲ್ವೇನಣ್ಣ ತೊಳೆಸಿದ್ದು?” ಎಂದಳು ಅವ್ವ.

“ಅದು ಬ್ಯಾರೆ, ಇದು ಬ್ಯಾರೆ. ನೀನು ಸುಮ್ಕೆ ನೂಲು, ಸಿದ್ದಕ್ಕ.”

ಅವ್ವ ತಲೆ ತಗ್ಗಿಸಿದಳು. ನಾವಿರುವ ಮನೆ ಅದೇ ಶೆಡ್ಡಿನ ಹಿಂಬದಿಯ ಕೋಣೆ, ಅದೂ ಅವನದೇ. ನನ್ನ ಬಾಯಿಗೆ ಬೀಗ ಬಿದ್ದಿದ್ದೇ ಅದರಿಂದ. ಇಲ್ಲದಿದ್ದರೆ ಆ ಕೊಪ್ಪರಿಗೆಯನ್ನು ಅವನ ತಲೆಯ ಮೇಲೇ ಬೋರಲು ಹಾಕುತ್ತಿದ್ದೆ.

ಕೂಗಿ ಸಾಕಾದ ಮೇಲೆ ಅವನು ತಣ್ಣಗಾದ. ಎಲ್ಲರ ಮುಂದೆಯೇ ನನ್ನ ಹೆಗಲ ಮೇಲೆ ಕೈ ಹಾಕಿದ.

“ಆಗಿದ್ದಾತು ಬಿಡು. ನಾಳೆ ಹಿರಿಯೂರಿಗೆ ಹೊಂಟೀನಿ. ಅಲ್ಲಿ ಆರು ಮಗ್ಗ ಹಾಕ್ತೀನಿ, ಅವೂ ನೀನೇ ನೋಡ್ಕಬೇಕು. ಈ ಹಾಸೆಲ್ಲ ತೊಳೆದು ನಾಳೆ ಮತ್ತೆ ಕಟ್ಟಿಸು. ಬಿಸಿಲು ಬಂತೋ, ನನ್ನ ದಾರಿ ಕಾಯ್ಬ್ಯಾಡ, ಹಚ್ಚಿಬಿಡು.”

ನಾಗಣ್ಣ ನನ್ನ ಮುಖ ನೋಡಿದ. ನಾನು ಕುಂಚಕ್ಕೆ ಕೈ ಚಾಚಿದ್ದೆ.

“ಆದ್ರೆ ಒಂದ್ಮಾತು,” ಎಂದ ಯಜಮಾನ. “ಹಚ್ಚೋಕೆ ಮುಂಚೆ ಯಾರ್ನಾದ್ರೂ ಹಿರಿಯೂರಿಗೆ ಕಳಿಸಿ ನನ್ನ ಒಂದು ಮಾತು ಕೇಳು. ಏನಂತೀಯ?”

ಹಿರಿಯೂರಿಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅಲ್ಲಿ ನಿಂತಿದ್ದವರಿಗೆಲ್ಲ ಅದು ಗೊತ್ತಿತ್ತು. ಒಬ್ಬರೂ ನಗಲಿಲ್ಲ.

“ಏನಂತೀಯೋ ಎತ್ತಪ್ಪ? ಬಾಯಿಲ್ವಾ?”

ನಾಗಣ್ಣನ ಕೈಯಿಂದ ಕುಂಚ ತಗೊಂಡು ಯಜಮಾನನ ಕೈಗೇ ಇಟ್ಟೆ. ಅವ್ವನ ಕಡೆ ನೋಡುವ ಧೈರ್ಯವಾಗಲಿಲ್ಲ. ಕೆಸರಲ್ಲಿ ಬಿದ್ದ ಹಾಸುಗಳನ್ನು ದಾಟಿಕೊಂಡು ರಸ್ತೆಯ ಕಡೆ ನಡೆದೆ. ಹಿಂದಿನಿಂದ ಅವನು ‘ಏನಂತೀಯೋ’ ಎಂದು ಇನ್ನೂ ಕೇಳುತ್ತಲೇ ಇದ್ದ.