ಲಿಫ್ಟಣ್ಣನ ಒಬ್ಬರೇ ಓದುಗರು

“ಅಯ್ಯೋ, ಆ ಕುರ್ಚಿ ಮಡಚ್ಬೇಡ್ರಿ!” ಎನ್ನುತ್ತ ಅಕ್ಕ ಮನೆ ಓನರ್ ಕೈಯಿಂದ ಕುರ್ಚಿಯನ್ನು ಕಿತ್ತುಕೊಂಡೇ ಬಿಟ್ಟಳು. ಮತ್ತೆ ಬಿಡಿಸಿ, ನೆಲದ ಮೇಲೆ ಮಲಗಿಸಿದ್ದ ತಮ್ಮನ ಮುಖ ಸರಿಯಾಗಿ ಕಾಣುವಂತೆ ಗೋಡೆಯ ಪಕ್ಕಕ್ಕೆ ಹಾಕಿ, ಅಂಗೈಯಿಂದ ಧೂಳು ಒರೆಸಿದಳು.

ಓನರ್ ಪಾಪ, ಜಾಗವಾಗಲಿ ಅಂತ ಮಡಚಿದ್ದ. ಅವನ ಮುಖ ಸಣ್ಣಗಾಯಿತು. “ಇನ್ಯಾರು ಬರ್ಬೇಕಮ್ಮ? ವ್ಯಾನ್ ಬಂದು ಎಷ್ಟೊತ್ತಾಯ್ತು!”

“ಓದುಗರು ಬರ್ಬೇಕು.”

“ಯಾರು?”

“ನನ್ನ ತಮ್ಮ ಕಂಪ್ಯೂಟರಲ್ಲಿ ಬರೀತಿದ್ನಲ್ಲ, ಅದನ್ನ ಓದೋರು. ಒಬ್ರಿದಾರೆ. ದಿನಾ ಓದೋರು.”

ಓನರ್ ಬಾಗಿಲ ಬಳಿ ನಿಂತಿದ್ದ ವಾಚ್‌ಮನ್ ಕಡೆ ನೋಡಿದ. ವಾಚ್‌ಮನ್ ಮೇಲಕ್ಕೆ ನೋಡಿದ. ಅವನು ಸತ್ತವನ ಜೊತೆ ಒಂದೇ ಆಫೀಸು ಕಟ್ಟಡದಲ್ಲಿ ದುಡಿದವನು. ಅವನು ಬಾಗಿಲಲ್ಲಿ, ಇವನು ಲಿಫ್ಟಿನಲ್ಲಿ. ಕಟ್ಟಡದವರೆಲ್ಲ ಇವನನ್ನು ‘ಲಿಫ್ಟಣ್ಣ’ ಅಂತಲೇ ಕರೆಯುತ್ತಿದ್ದರು, ಅಸಲಿ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಮಹಡಿಗಟ್ಟಲೆ ಜನರನ್ನು ಜೀವಮಾನವಿಡೀ ಹತ್ತಿಸಿ ಇಳಿಸಿದವನ ಸಾವಿಗೆ ಬಂದವರು ಒಂದು ಲಿಫ್ಟು ತುಂಬುವಷ್ಟೂ ಇರಲಿಲ್ಲ. ಓನರ್, ವಾಚ್‌ಮನ್, ಅಕ್ಕ, ಅಕ್ಕನ ಮಗಳು. ಹೊರಗಿದ್ದ ವ್ಯಾನಿನ ಡ್ರೈವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವನು ಬಂದದ್ದು ಬಾಡಿಗೆಗೆ.

ಡ್ರೈವರ್ ಕಿಟಕಿಯಿಂದ ಇಣುಕಿದ. “ಅಮ್ಮಾ, ಚಿತಾಗಾರದಲ್ಲಿ ನಮ್ಮ ಸರದಿ ತಪ್ಪಿದ್ರೆ ಸಂಜೆವರೆಗೂ ಕಾಯ್ಬೇಕಾಗುತ್ತೆ, ಆಮೇಲೆ ನನ್ನ ಬೈಬೇಡಿ.”

“ಇಷ್ಟು ದಿನ ಓದಿದೋರು, ಕೊನೇ ಸಲ ಮುಖ ನೋಡ್ಬಾರ್ದಾ? ತಡಿಯಪ್ಪ ಒಂಚೂರು,” ಎಂದಳು ಅಕ್ಕ. ಹೋದ ತಿಂಗಳಷ್ಟೇ ತಮ್ಮ ಫೋನಿನಲ್ಲಿ ಹೇಳಿದ್ದ: “ನಂಗೇನಾದ್ರೂ ಆದ್ರೆ ಅವರಿಗೊಂದು ಮಾತು ತಿಳ್ಸಕ್ಕ. ಸುಮ್ನೆ ಬಂದು ಬಂದು ನೋಡ್ತಿರ್ತಾರೆ, ಪಾಪ.” ಆಗ ಅಕ್ಕ ಬೈದಿದ್ದಳು. ಅದಕ್ಕೇ ಬೆಳಗ್ಗೆ ಎದ್ದವಳೇ ಮಗಳ ಕೈಲಿ ಸಾವಿನ ಸುದ್ದಿಯನ್ನೂ ವಿಳಾಸವನ್ನೂ ಬ್ಲಾಗಿನಲ್ಲಿ ಹಾಕಿಸಿದ್ದಳು.

ಮಗಳು ಮೂಲೆಯಲ್ಲಿ ನಿಂತು ಉಗುರು ಕಡಿಯುತ್ತಿದ್ದಳು.

*

ಬ್ಲಾಗು ಮಾಡಿಕೊಟ್ಟವಳು ಅವಳೇ. ಕಟ್ಟಡಕ್ಕೆ ತಾನೇ ಓಡುವ ಹೊಸ ಲಿಫ್ಟು ಬಂದು, ಮಾವನಿಗೆ ಒಂದು ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ದರು. ಮನೆಯಲ್ಲಿ ಗಡಿಯಾರ ನೋಡುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಸ್ನೇಹಿತರೆಂದರೆ ಗುಂಡಿ ಒತ್ತುವಷ್ಟು ಹೊತ್ತಿನವರು.

“ಮಾವ, ಲಿಫ್ಟಲ್ಲಿ ನೋಡಿದ್ದು ಕೇಳಿದ್ದು ಬರೀರಿ. ನಾನು ಹಾಕಿಕೊಡ್ತೀನಿ.”

“ಯಾರು ಓದ್ತಾರೆ ಮಾರಾಯ್ತಿ?”

“ಬರೆದು ನೋಡಿ, ಆಮೇಲೆ ಕೇಳಿ.”

ಬರೆದ. ಒಂದು ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದ. ಮಾರನೇ ದಿನ ಫೋನು ಮಾಡಿದ. “ಒಂದು ಅಂತ ತೋರಿಸ್ತಿದೆ ಕಣೇ! ಓದುಗರು ಅನ್ನೋ ಜಾಗದಲ್ಲಿ ಒಂದು! ಯಾರೋ ಒಬ್ರು ಓದಿದಾರೆ!”

ಅದರ ಮಾರನೇ ದಿನವೂ ಒಂದು. ಅದರಾಚೆಯ ದಿನವೂ ಒಂದು. ಲಿಫ್ಟಣ್ಣ ಹುರುಪಾಗಿಬಿಟ್ಟ. ಬೆಳಗ್ಗೆ ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಬರೆಯಲು ಕೂರುತ್ತಿದ್ದ. “ಅವರು ಬರೋ ಹೊತ್ತಾಯ್ತು” ಅಂತ ಊಟ ಬಿಟ್ಟು ಏಳುತ್ತಿದ್ದ. ಮಳೆ ಬಂದರೆ ‘ತಾವು ನೆನೆಯಲಿಲ್ಲ ತಾನೇ?’ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಿದ್ದ.

ಇವನ ಉತ್ಸಾಹ ನೋಡಿ ಅಕ್ಕನ ಮಗಳು ಬಿಡಿಬರಹದ ಕೆಲಸವನ್ನೂ ಹುಡುಕಿಕೊಟ್ಟಳು. ಮನೆಸಾಮಾನು ಮಾರುವ ವೆಬ್‌ಸೈಟೊಂದಕ್ಕೆ ನೀರು ಸೋಸುವ ಫಿಲ್ಟರ್ ಬಗ್ಗೆ ಉದ್ದನೆಯ ಲೇಖನ ಬೇಕಾಗಿತ್ತು. ಲಿಫ್ಟಣ್ಣ ವಾರವಿಡೀ ತಲೆ ಕೆಡಿಸಿಕೊಂಡು ಎರಡು ಸಾಲು ಬರೆದ: ‘ನೀರು ಚೆನ್ನಾಗಿಲ್ಲದಿದ್ದರೆ ಕೊಳ್ಳಿ. ಚೆನ್ನಾಗಿದ್ದರೆ ಬೇಡ.’

“ಸರ್, ನಾವು ಫಿಲ್ಟರ್ ಮಾರ್ಬೇಕು,” ಎಂದು ಅಲ್ಲಿಯ ಸಂಪಾದಕಿ ಅಲವತ್ತುಕೊಂಡಳು.

“ಮಾರಿ ತಾಯಿ, ನಾನೆಲ್ಲಿ ಬೇಡ ಅಂದೆ?”

ಆಮೇಲೆ ಕಲಿತ. ಹಾಸಿಗೆಯ ಬಗ್ಗೆ ಬರೆದದ್ದು ತಿದ್ದುಪಡಿಯಾಗಿ ವಾಪಸು ಬಂತು, ಇಸ್ತ್ರಿಪೆಟ್ಟಿಗೆಯ ಬಗ್ಗೆ ಬರೆದದ್ದು ಪಾಸಾಯಿತು. ಸಂಪಾದಕಿ ಇನ್ನಷ್ಟು ಕೆಲಸ ಕೊಡುತ್ತೇನೆಂದಳು. ಇವನು ಒಲ್ಲೆ ಅಂದುಬಿಟ್ಟ.

“ಯಾಕ್ ಮಾವ, ಈಗ ತಾನೇ ಕೈ ಹತ್ತಿತ್ತು?”

“ಹೆಸರೂ ಹಾಕಲ್ಲ, ಯಾರು ಓದಿದ್ರು ಅಂತಾನೂ ಗೊತ್ತಾಗಲ್ಲ. ಇದಕ್ಕೆ ಕೂತ್ರೆ ಅದಕ್ಕೆ ಹೊತ್ತಿಲ್ಲ. ಪಾಪ, ಅವರು ಬಂದು ಖಾಲಿ ನೋಡ್ಕೊಂಡು ಹೋಗ್ಬೇಕಾ?”

ಒಂದು ರಜೆಯ ದಿನ ಅವಳು ಮಾವನ ಮನೆಯಲ್ಲೇ ಇದ್ದಳು. ಮಾವ ಕಂಪ್ಯೂಟರಿನಲ್ಲಿ ಬರೆದು, ಹಾಕಿ, ಎದ್ದ. ಫೋನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗಿ ನಿಂತು ಮೊದಲಿಂದ ಕೊನೆಯವರೆಗೆ ಓದತೊಡಗಿದ.

“ಅದೇನು ಮಾವ, ಈಗಷ್ಟೇ ಬರೆದ್ರಲ್ಲ?”

“ಅವರಿಗೆ ಹೇಗೆ ಕಾಣುತ್ತೋ ಅಂತ ದಿನಾ ಒಂದ್ಸಲ ಫೋನಲ್ಲಿ ನೋಡ್ತೀನಿ ಕಣೆ.”

ಅವಳ ಮುಂದಿದ್ದ ಪರದೆಯಲ್ಲಿ ಸೊನ್ನೆ ಹೋಗಿ ಒಂದಾಯಿತು.

ಬ್ಲಾಗು ತೆರೆದ ದಿನ, ಸ್ವಂತ ಭೇಟಿಯನ್ನು ಎಣಿಸಬೇಡ ಎನ್ನುವ ಕಡೆ ಗುರುತು ಹಾಕುವುದನ್ನು ಅವಳು ಮರೆತಿದ್ದಳು. ಈಗಲೂ ಹಾಕಬಹುದಿತ್ತು. ಹಾಕಿದರೆ ನಾಳೆಯಿಂದ ಮಾವನ ಪಾಲಿಗೆ ಬರೀ ಸೊನ್ನೆ.

“ಬಂದ್ರಾ?” ಕಿಟಕಿಯ ಕಡೆಯಿಂದ ಮಾವ ಕೇಳಿದ.

“ಬಂದ್ರು ಮಾವ,” ಎಂದಳು.

*

“ಅಮ್ಮ, ಒಂಚೂರು ಒಳಗೆ ಬಾ.”

ಅಡುಗೆಮನೆಯಲ್ಲಿ ಒಬ್ಬನಿಗಾಗುವಷ್ಟೇ ಪಾತ್ರೆಗಳಿದ್ದವು. ಮಗಳು ಬಾಗಿಲು ಮುಂದೆ ಮಾಡಿದಳು.

“ಯಾರೂ ಬರಲ್ಲಮ್ಮ. ಕಳಿಸ್ಬಿಡೋಣ.”

“ಬರ್ತಾರೆ ಸುಮ್ನಿರೆ. ಬೆಳಗ್ಗೆ ಹಾಕಿದ್ದನ್ನ ನೋಡಿದಾರಲ್ಲ? ಒಂದು ಅಂತ ನಾನೇ ಕಣ್ಣಾರೆ ಕಂಡೆ.”

“ಅದು ನಾನು. ಸರಿಯಾಗಿ ಹೋಗಿದೆಯಾ ಅಂತ ಫೋನಲ್ಲಿ ನಾನೇ ತೆಗೆದು ನೋಡಿದ್ದು.”

“ಮತ್ತೆ ಇಷ್ಟು ದಿನ ಓದ್ತಿದ್ದೋರು?”

“ಮಾವ. ದಿನಾ ಬರೆದು, ಅವರೇ ಫೋನಲ್ಲಿ ಓದ್ತಿದ್ರು. ಅದನ್ನೇ ಅದು ಎಣಿಸ್ತಿತ್ತು. ಬೇರೆ ಯಾರೂ ಇರ್ಲಿಲ್ಲಮ್ಮ.”

ಅಕ್ಕ ಕಟ್ಟೆಗೆ ಒರಗಿದಳು. “ಅವನಿಗೆ ಗೊತ್ತಿತ್ತಾ?”

“ಇಲ್ಲ.”

“ನಿಂಗೆ?”

“ಗೊತ್ತಿತ್ತು. ಹೇಗಮ್ಮ ಹೇಳ್ಲಿ? ಹೇಳಿದ್ರೆ ಮಾವ ಬರೆಯೋದೇ ಬಿಡ್ತಿದ್ರು.” ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

“ನೀನಾದ್ರೂ ಓದ್ಬಾರ್ದಿತ್ತೇನೆ?”

“ಮೊದಲೊಂದೆರಡು ಓದ್ದೆ, ಹಾಕೋಕೆ ಮುಂಚೆ. ಆಮೇಲೆ ಆಫೀಸು, ಅದು ಇದು... ನಾಳೆ ಓದಿದ್ರಾಯ್ತು ಅಂತ.”

“ನಾನು ಒಂದಕ್ಷರ ಓದಿಲ್ಲ,” ಎಂದಳು ಅಕ್ಕ. “ಓದಕ್ಕ, ಓದಕ್ಕ ಅಂತ ಗೋಗರೀತಿದ್ದ. ಕನ್ನಡಕ ಸರಿಯಿಲ್ಲ ಅಂತ ಸುಳ್ಳು ಹೇಳ್ತಿದ್ದೆ. ಒಂದೇ ಒಂದಕ್ಷರ ಓದಿಲ್ಲ ಕಣೆ.”

ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು. ಅಕ್ಕ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಗೂಟದಲ್ಲಿದ್ದ ತಮ್ಮನ ಟವೆಲಿನಲ್ಲಿ ಒರೆಸಿಕೊಂಡು, ಅದನ್ನು ಮತ್ತೆ ಗೂಟಕ್ಕೇ ನೇತುಹಾಕಿದಳು. ಆಮೇಲೆ ಬಾಗಿಲು ತೆರೆದು ಹೊರಗೆ ಬಂದಳು.

“ಬಂದಾಯ್ತು. ಎತ್ತಿ.”

“ಓದುಗರಾ? ಎಲ್ಲಿ?” ಓನರ್ ಬಾಗಿಲಾಚೆ ಕತ್ತು ಚಾಚಿದ.

“ಇಲ್ಲೇ ಇದಾರೆ. ಎತ್ತಿ ಅಂದ್ನಲ್ಲ.”

ವಾಚ್‌ಮನ್ ಮುಂದೆ ಬಂದ. ಬಗ್ಗಿ ಕಾಲಿನ ಕಡೆ ಹಿಡಿದ.

*

ವ್ಯಾನಿನ ಹಿಂಭಾಗದಲ್ಲಿ ತಮ್ಮನ ಪಕ್ಕಕ್ಕೆ ಉದ್ದ ಬೆಂಚಿತ್ತು. ತಾಯಿ ಮಗಳು ಅಲ್ಲಿ ಕೂತರು. ಗಂಡಸರು ಮುಂದೆ ಡ್ರೈವರ್ ಜೊತೆ ಒತ್ತರಿಸಿಕೊಂಡರು. ಬೀದಿ ದಾಟುವ ಮೊದಲೇ ಅಕ್ಕ ಕೈ ಚಾಚಿದಳು.

“ಫೋನ್ ಕೊಡಿಲ್ಲಿ. ಮೊಟ್ಟಮೊದಲು ಬರೆದದ್ದು ತೆಗಿ.”

ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು, ಶಾಲೆಯ ಮಕ್ಕಳಂತೆ ಜೋರಾಗಿ ಓದತೊಡಗಿದಳು. ವ್ಯಾನು ಕುಲುಕಿದಾಗ ಸಾಲು ತಪ್ಪುತ್ತಿತ್ತು. ತಪ್ಪಿದ ಕಡೆಯಿಂದ ಮತ್ತೆ ಹಿಡಿಯುತ್ತಿದ್ದಳು.

“ನಮ್ಮ ಲಿಫ್ಟಿಗೆ ಒಬ್ಬರು ಮುದುಕರು ದಿನಾ ಬರುತ್ತಿದ್ದರು. ಏಳನೇ ಮಹಡಿ ಅನ್ನುತ್ತಿದ್ದರು. ಏಳನೇ ಮಹಡಿಯಲ್ಲಿ ಅವರಿಗೆ ಏನೂ ಕೆಲಸ ಇರಲಿಲ್ಲ. ಅಲ್ಲಿ ಇಳಿದು, ನಾನು ಮುಂದಿನ ಸಲ ಹೋಗುವವರೆಗೆ ನಿಂತಿದ್ದು, ಕೆಳಗೆ ಬರುತ್ತಿದ್ದರು. ಒಂದು ದಿನ ಕೇಳಿಯೇ ಬಿಟ್ಟೆ, ಯಾಕೆ ಯಜಮಾನರೇ ಅಂತ. ಅದಕ್ಕವರು, ಎಲ್ಲಿಗೆ ಹೋಗಬೇಕು ಅಂತ ನೀನೊಬ್ಬ ಕೇಳ್ತೀಯಪ್ಪ, ಅದಕ್ಕೇ ಬರ್ತೀನಿ ಅಂದರು. ಆವತ್ತಿನಿಂದ...”

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಏರಿಸಿಕೊಂಡಳು.

“ಆವತ್ತಿನಿಂದ ಗೊತ್ತಿದ್ದರೂ ದಿನಾ ಕೇಳಿದೆ. ಯಾವ ಮಹಡಿ ಸಾರ್?”

ವ್ಯಾನು ನಿಂತಿತು. ಮುಂದಿನ ಬಾಗಿಲುಗಳು ದಡದಡ ಬಡಿದುಕೊಂಡವು. ಡ್ರೈವರ್ ಬಂದು ಹಿಂಬಾಗಿಲು ತೆರೆದ, ಬೆಳಕು ಸುರಿಯಿತು. “ಬೇಗ ಅಮ್ಮ, ಒಳಗೆ ಕರೀತಿದಾರೆ.”

ಅಕ್ಕ ತಲೆ ಎತ್ತಲಿಲ್ಲ. ಒಂದು ಕೈಯನ್ನು ತಮ್ಮನ ಎದೆಯ ಮೇಲೆ ಅಡ್ಡ ಇಟ್ಟಳು.

“ತಡೀರಿ. ಓದ್ತಾ ಇದೀನಿ.”

ಡ್ರೈವರ್ ಬಾಗಿಲು ಹಿಡಿದುಕೊಂಡು ನಿಂತ. ಅವನ ಹಿಂದೆ ಓನರ್, ಓನರ್ ಹಿಂದೆ ವಾಚ್‌ಮನ್. ಒಳಗೆ ಅಕ್ಕನ ಹೆಬ್ಬೆರಳು ಪರದೆಯನ್ನು ಒಂದಿಷ್ಟು ಮೇಲಕ್ಕೆ ಸರಿಸಿತು.